ಮುದ್ದಿಗೆ ಮನೆಯವರೆಲ್ಲ, ಕೆಲಸಕ್ಕೆ ಒಬ್ಬರೇ: ಒಂದು ಲ್ಯಾಬ್ರಡಾರ್ ಮನೆಯ ಪ್ರಕರಣ

ನಾಯಿಯ ಹೆಸರು ಬ್ರೂನೋ. ಗಂಡು ಲ್ಯಾಬ್ರಡಾರ್. ನನಗೆ ಕರೆ ಬಂದಾಗ ಅದಕ್ಕೆ 13 ತಿಂಗಳು. ಮನೆಯಲ್ಲಿ ಗಂಡ, ಹೆಂಡತಿ, 14 ವರ್ಷದ ಮಗ, ಗಂಡನ ತಾಯಿ. ವಾಸ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ನಾಯಿ ಸಾಕುವವರಿಗೆ ಅದರ ವರ್ತನೆ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಇಟ್ಕೋಬೇಕಾ, ಬೇರೆ ಮನೆಗೆ ಕೊಡಬೇಕಾ?"

ಕೊಡೋಣ ಅಂದವರು ಹೆಂಡತಿ ಒಬ್ಬರೇ. ಉಳಿದ ಮೂವರೂ ಬೇಡವೇ ಬೇಡ ಅಂದಿದ್ದರು. ಹೀಗಾಗಿ ನಾನು ಹೋಗುವ ಹೊತ್ತಿಗೆ ಆ ಮನೆಯಲ್ಲಿ ತೀರ್ಪು ಆಗಿಹೋಗಿತ್ತು. ಆಕೆಗೆ ನಾಯಿ ಕಂಡರೆ ಆಗಲ್ಲ, ಅವರ ಮನಸ್ಸು ಕಲ್ಲು. ನಾನು ಬಂದು ನಾಯಿಯನ್ನು ರಿಪೇರಿ ಮಾಡಿಕೊಟ್ಟರೆ ಆಕೆ ಸುಮ್ಮನಾಗುತ್ತಾರೆ ಅಂತ ಎಲ್ಲರ ಲೆಕ್ಕ.

ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ನಾಯಿ ಬಂದ ಬಗೆ

ನಾಯಿ ಬೇಕು ಅಂತ ಹಟ ಹಿಡಿದವನು ಮಗ. ಅಪ್ಪ ಬೇಗ ಒಪ್ಪಿದರು, ಅವರು ಚಿಕ್ಕವರಿದ್ದಾಗ ಮನೆಯಲ್ಲಿ ನಾಯಿ ಇತ್ತಂತೆ. ಅಜ್ಜಿಗೂ ಇಷ್ಟ. ಅಮ್ಮ ತುಂಬಾ ದಿನ ಬೇಡ ಅಂದು, ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದರು: "ಎಲ್ಲಾ ಕೆಲಸ ನೀನೇ ಮಾಡಬೇಕು." ಮಗ ಹೂಂ ಅಂದ. 13 ವರ್ಷದ ಯಾವ ಹುಡುಗ ಹೂಂ ಅನ್ನಲ್ಲ ಹೇಳಿ. ಈ ಒಪ್ಪಂದದ ಮೇಲೆ ನನಗೆ ಎಂದೂ ನಂಬಿಕೆ ಇಲ್ಲ. ಮಗು ಸುಳ್ಳು ಹೇಳುತ್ತದೆ ಅಂತಲ್ಲ, "ಎಲ್ಲಾ" ಅಂದರೆ ಎಷ್ಟು ಅಂತ ಅದಕ್ಕೆ ಗೊತ್ತಿರಲ್ಲ. ಹಾಗೆ ನೋಡಿದರೆ ಅಪ್ಪನಿಗೂ ಗೊತ್ತಿರಲಿಲ್ಲ. ಅವರ ಬಾಲ್ಯದ ನಾಯಿಯನ್ನು ನೋಡಿಕೊಂಡವರು ಅವರ ಅಮ್ಮ.

ಎಂಟು ವಾರದ ಮರಿ ಬಂತು. ಅಷ್ಟು ಸಣ್ಣ ಮರಿಗೆ ರಾತ್ರಿಯಿಡೀ ಮೂತ್ರ ತಡೆದುಕೊಳ್ಳುವ ಶಕ್ತಿ ಇರಲ್ಲ. ನಡುರಾತ್ರಿ ಎದ್ದು ಹೊರಗೆ ಕರೆದೊಯ್ಯಬೇಕು. ಯಾರು ಏಳಬೇಕು ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಅಮ್ಮನಿಗೆ ನಿದ್ದೆ ತೆಳು, ಮರಿ ಕುಂಯ್ ಅಂದರೆ ಎಚ್ಚರ. ಎದ್ದರು. ಮರುದಿನವೂ ಎದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಅದು ಅವರ ಕೆಲಸವೇ ಆಗಿಹೋಯಿತು. ಮುಂದೆ ಎಲ್ಲವೂ ಹೀಗೇ. ನೀರಿನ ಬಟ್ಟಲು ಜಿಡ್ಡಾಗಿದ್ದು ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಅವರೇ ತೊಳೆಯುತ್ತಾರೆ. ಜಂತುಹುಳದ ಔಷಧದ ದಿನ ಯಾರಿಗೆ ನೆನಪಿರುತ್ತದೋ ಅವರೇ ಕೊಡುತ್ತಾರೆ. ಕಣ್ಣಿಗೆ ಬೀಳುವುದೂ ನೆನಪಿರುವುದೂ ಯಾವಾಗಲೂ ಒಬ್ಬರಿಗೇ.

ಆದರೂ ಮೊದಲ ತಿಂಗಳುಗಳು ಚೆನ್ನಾಗಿಯೇ ಇದ್ದವು. ನಾಲ್ಕರಿಂದ ಆರು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ಎರಡು ಜೊತೆ ಚಪ್ಪಲಿ, ಸೋಫಾದ ಒಂದು ಮೂಲೆ ಹೋದವು. ಎಲ್ಲರೂ ನಕ್ಕರು, ಫೋಟೋ ತೆಗೆದರು.

ಎಂಟನೇ ತಿಂಗಳಿಗೆ ನಗು ನಿಂತಿತು. ಅದುವರೆಗೆ ಕೂತ್ಕೋ ಅಂದರೆ ಕೂರುತ್ತಿದ್ದ ಬ್ರೂನೋ ಕಿವಿ ಕೇಳಿಸದ ಹಾಗೆ ಆಡತೊಡಗಿತು. ವಿಚಿತ್ರ ಅಂದರೆ ಅದು ಅಮ್ಮನ ಮಾತನ್ನು ಮಾತ್ರ ಕೇಳುತ್ತಿರಲಿಲ್ಲ. ಮನೆಗೆ ಬಂದ ನೆಂಟರು ಹೇಳಿದರೆ ಕೂರುತ್ತಿತ್ತು. "ನಾನೇ ಎಲ್ಲಾ ಮಾಡೋದು, ನನ್ನ ಮಾತಿಗೇ ಬೆಲೆ ಇಲ್ಲ" ಅಂತ ಆಕೆ ಹೇಳಿದಾಗ ಗಂಡ ನಕ್ಕಿದ್ದರು. ನಗುವ ವಿಷಯ ಅಲ್ಲ ಅದು. 2020ರಲ್ಲಿ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಐದು ತಿಂಗಳಲ್ಲಿ ಮಾತು ಕೇಳುತ್ತಿದ್ದ ನಾಯಿಗಳು ಎಂಟು ತಿಂಗಳಿಗೆ ಬಂದಾಗ ತಮ್ಮನ್ನು ನೋಡಿಕೊಳ್ಳುವವರ ಮಾತನ್ನು ಕಡೆಗಣಿಸಿದವು. ಅಪರಿಚಿತರು ಅದೇ ಮಾತು ಹೇಳಿದರೆ ಕೇಳಿದವು. ಹರೆಯ ಅಂದರೆ ನಾಯಿಗೂ ಅದೇ, ಸಿಟ್ಟು ತೀರಿಸಿಕೊಳ್ಳುವುದು ಹತ್ತಿರದವರ ಮೇಲೆ. ಬ್ರೂನೋ ತನ್ನ ಹತ್ತಿರದವರು ಯಾರು ಅಂತ ತೋರಿಸಿಕೊಟ್ಟಿತ್ತು. ಮನೆಯಲ್ಲಿ ಯಾರೂ ಅದನ್ನು ಹಾಗೆ ಓದಲಿಲ್ಲ.

ಬಾಗಿಲು

ಅಷ್ಟರಲ್ಲಿ ಅಜ್ಜಿ ಕೆಲವು ತಿಂಗಳ ಮಟ್ಟಿಗೆ ಮಗಳ ಮನೆಗೆ ಹೋದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಗ ಶಾಲೆಗೆ. ಹುಟ್ಟಿದಂದಿನಿಂದ ಒಂದು ಗಂಟೆಯೂ ಒಂಟಿಯಾಗಿ ಇರದಿದ್ದ ನಾಯಿ ಏಕಾಏಕಿ ಐದಾರು ಗಂಟೆ ಒಂಟಿ.

ಕೆಳಗಿನ ಮನೆಯವರಿಂದ ಮೊದಲ ದೂರು ಬಂತು. ನಾಯಿ ಊಳಿಡುತ್ತದೆ, ನಮ್ಮ ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ ಅಂತ. ಆಮೇಲೆ ಎದುರು ಮನೆಯವರು. ದೂರು ಹೇಳುವವರಿಗೆ ಸಿಗುತ್ತಿದ್ದವರು ಹೆಂಡತಿಯೇ, ಮೊದಲು ಮನೆಗೆ ಬರುತ್ತಿದ್ದವರು ಅವರಾದ್ದರಿಂದ. ಸಂಜೆ ಬೀಗ ತೆಗೆದರೆ ಬಾಗಿಲಿನ ಒಳಭಾಗದ ಪಾಲಿಶ್ ಕಿತ್ತು ಹೋಗಿರುತ್ತಿತ್ತು, ನೆಲದ ಮೇಲೆ ಮೂತ್ರ, ಜೊಲ್ಲು. ಬೈದರೆ ಬ್ರೂನೋ ಕಿವಿ ಹಿಂದಕ್ಕೆ ಮಡಚಿ, ಬಾಲ ಮುದುರಿ, ಮುಖ ಆಚೆ ತಿರುಗಿಸುತ್ತಿತ್ತು. "ನೋಡಿ ಮೇಡಂ, ಮಾಡಿದ್ದು ತಪ್ಪು ಅಂತ ಅದಕ್ಕೆ ಚೆನ್ನಾಗಿ ಗೊತ್ತು, ಬೇಕು ಬೇಕಂತಲೇ ಮಾಡತ್ತೆ" ಅಂದರು ಗಂಡ.

ಗೊತ್ತಿರಲ್ಲ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ವಿಜ್ಞಾನಿ ಈ "ತಪ್ಪು ಮಾಡಿದ ಮುಖ"ದ ಬಗ್ಗೆ ಒಂದು ಚಂದದ ಪ್ರಯೋಗ ಮಾಡಿದರು. ನಾಯಿ ತಿನ್ನಬಾರದ್ದನ್ನು ತಿಂದಿದೆ ಅಂತ ಯಜಮಾನರಿಗೆ ಹೇಳುವುದು, ಕೆಲವು ಸಲ ನಿಜ, ಕೆಲವು ಸಲ ಸುಳ್ಳು. ನಾಯಿ ನಿಜವಾಗಿ ತಿಂದಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಬೈಸಿಕೊಂಡಾಗ ಆ ಮುಖ ಬಂತು, ಅಷ್ಟೇ. ಏನೂ ಮಾಡದ ನಾಯಿ ಕೂಡ ಬೈಗುಳ ಕೇಳಿದರೆ ತಪ್ಪಿತಸ್ಥನ ಹಾಗೆ ನಿಂತಿತು.

ನಾನು ಮೊದಲು ಕೇಳಿದ್ದು ಎರಡು ವಿಷಯ. ಪಶುವೈದ್ಯರಿಂದ ಪೂರ್ತಿ ತಪಾಸಣೆ, ಮೂತ್ರದ ಸೋಂಕು ಇನ್ನೊಂದು ಇರಬಹುದಲ್ಲ, ಅದಕ್ಕೆ. ಇನ್ನೊಂದು, ಮನೆಯಲ್ಲಿ ಯಾರೂ ಇಲ್ಲದಾಗಿನ ವಿಡಿಯೋ. ಹಳೆಯ ಫೋನ್ ಒಂದನ್ನು ಟಿವಿ ಪಕ್ಕ ಒರಗಿಸಿಟ್ಟು ಹೋದರು.

ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ವಿಡಿಯೋದಲ್ಲಿ ಎಲ್ಲವೂ ಇತ್ತು. ಬೀಗದ ಸದ್ದು ಆಗುತ್ತದೆ. ಬ್ರೂನೋ ಬಾಗಿಲ ಸಂದಿಗೆ ಮೂಗಿಟ್ಟು ನಿಲ್ಲುತ್ತದೆ. ಲಿಫ್ಟಿನ ಸದ್ದು ದೂರವಾಗುತ್ತಿದ್ದ ಹಾಗೆ ಏದುಸಿರು ಶುರು. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಒಂದೇ ದಾರಿಯಲ್ಲಿ ಓಡಾಟ. ಹೋಗುವ ಮುಂಚೆ ಪ್ರೀತಿಯಿಂದ ಹಾಕಿಟ್ಟ ತಿಂಡಿ ತಟ್ಟೆಯಲ್ಲೇ ಇದೆ. ತಿಂಡಿ ಮುಟ್ಟದ ಲ್ಯಾಬ್ರಡಾರ್! ಜೊಲ್ಲು ಸುರಿದು ಎದೆಯ ಕೂದಲು ಒದ್ದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಬಾಗಿಲು ಕೆರೆಯುವುದು, ತಲೆ ಮೇಲೆತ್ತಿ ಊಳಿಡುವುದು. ಬೇಸರಕ್ಕೆ ಹಾಳು ಮಾಡುವ ನಾಯಿ ಹೀಗಿರಲ್ಲ. ಅದು ಸಾಮಾನ್ಯವಾಗಿ ಮೊದಲು ಮಲಗಿ ಎದ್ದು, ಆಮೇಲೆ ಆರಾಮಾಗಿ ದಿಂಬು ಹರಿಯುತ್ತದೆ. ಇದು ಹೆದರಿಕೆ.

ವಿಡಿಯೋ ನೋಡುವಾಗ ಮಗ ಅತ್ತ. ಹೆಂಡತಿ ಅಳಲಿಲ್ಲ. ಎದ್ದು ಹೋಗಿ ನಾಯಿಯ ನೀರು ಬದಲಾಯಿಸಿ ಬಂದರು.

ಚೀಟಿಗಳು

ನಾಯಿಯ ಸಮಸ್ಯೆ ಗೊತ್ತಾಯಿತು, ಅದಕ್ಕೆ ದಾರಿಯೂ ಇದೆ. ಆದರೆ ಆ ದಾರಿ ತಿಂಗಳುಗಟ್ಟಲೆ ಹಿಡಿಯುತ್ತದೆ, ದಿನವೂ ಒಬ್ಬರು ಕೂತು ಮಾಡಬೇಕು. ಆ ಒಬ್ಬರು ಯಾರು ಅಂತ ನನಗೆ ಆಗಲೇ ಕಾಣುತ್ತಿತ್ತು. ಹಾಗಾಗಿ ತರಬೇತಿ ಶುರು ಮಾಡದೆ, ಒಂದು ವಾರ ಪ್ರತಿಯೊಬ್ಬರೂ ಬ್ರೂನೋಗಾಗಿ ಏನೇನು ಮಾಡುತ್ತೀರೋ ಬರೆದಿಡಿ ಅಂದೆ.

ಮಗನ ಚೀಟಿ: ಊಟ ಹಾಕೋದು, ಆಟ, ಸಂಜೆ ವಾಕಿಂಗ್ ("ಟ್ಯೂಷನ್ ಇಲ್ಲದಾಗ"). ಗಂಡನದು: ಬೆಳಗಿನ ವಾಕಿಂಗ್, ಭಾನುವಾರ ಸ್ನಾನ, ಖರ್ಚು. ಹೆಂಡತಿಯದು ಎರಡು ಪುಟ. ಒಂದಷ್ಟನ್ನು ಹಾಗೇ ಇಳಿಸುತ್ತೇನೆ: ಸ್ನಾನದ ಮೇಲೆ ಬಾತ್‌ರೂಮ್ ತೊಳೆಯೋದು. ಟವೆಲ್ ಬೇರೆ ಒಗೆಯೋದು. ಸೋಫಾದ ಕೂದಲು. ಉಣ್ಣೆ ಹುಳ ಇದೆಯಾ ಅಂತ ಕಾಲ್ಬೆರಳ ಸಂದಿ ನೋಡೋದು. ಊಟದ ಚೀಲ ಖಾಲಿ ಆಗೋದನ್ನ ಗಮನಿಸೋದು. ರಾತ್ರಿ ವಾಂತಿ ಒರೆಸಿದ್ದು. ಚಾಕಲೇಟ್, ದ್ರಾಕ್ಷಿ, ಈರುಳ್ಳಿ ಕೈಗೆಟುಕದ ಹಾಗೆ ಇಡೋದು, ಬೇರೆಯವರು ಇಟ್ಟಿದ್ದನ್ನ ತೆಗೆಯೋದು. ಲಸಿಕೆ ದಿನ. ಕೆಳಗಿನ ಮನೆಯವರ ಹತ್ತಿರ ಸಾರಿ ಕೇಳಿದ್ದು. ಮದುವೆಗೆ ಹೋದರೆ ಇದನ್ನ ಎಲ್ಲಿ ಬಿಡೋದು ಅಂತ ಮೂರು ಕಡೆ ಫೋನ್ ಮಾಡಿದ್ದು. ಕೊನೆಗೆ ಮದುವೆಗೆ ನಾನು ಹೋಗದೇ ಇದ್ದಿದ್ದು.

ಗಂಡ ಆ ಪುಟಗಳನ್ನು ತುಂಬಾ ಹೊತ್ತು ಓದಿದರು. ಅವರು ಸೋಮಾರಿ ಅಲ್ಲ. ಮಳೆ ಇರಲಿ ಚಳಿ ಇರಲಿ, ಬೆಳಿಗ್ಗೆ ಒಂದು ಗಂಟೆ ನಾಯಿಯ ಜೊತೆ ನಡೆಯುತ್ತಿದ್ದವರು. ಅರ್ಧ ಭಾರ ತಾನು ಹೊತ್ತಿದ್ದೇನೆ ಅಂತ ನಿಜವಾಗಿಯೂ ನಂಬಿದ್ದರು. ಆದರೆ ಅವರ ಪಟ್ಟಿಯಲ್ಲಿದ್ದದ್ದು ಬಹುಪಾಲು ಖುಷಿ ಕೊಡುವ ಕೆಲಸ. ಬೆಳಗಿನ ವಾಕಿಂಗಿನಿಂದ ಅವರಿಗೆ ಗಾಳಿ, ಗೆಳೆಯರು, ಆರೋಗ್ಯ ಎಲ್ಲಾ ಸಿಕ್ಕಿತ್ತು. ನಾಯಿ ಇರುವವರು ವಾರಕ್ಕೆ 150 ನಿಮಿಷದ ವ್ಯಾಯಾಮದ ಗುರಿ ಮುಟ್ಟುವ ಸಾಧ್ಯತೆ ನಾಯಿ ಇಲ್ಲದವರಿಗಿಂತ ನಾಲ್ಕು ಪಟ್ಟು ಜಾಸ್ತಿ ಅಂತ 2019ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಹೇಳಿತ್ತು. ಆ ಲಾಭ ಹಗ್ಗ ಹಿಡಿದವರಿಗೆ, ಟವೆಲ್ ಒಗೆದವರಿಗಲ್ಲ.

ಮಗನ ಖುಷಿ ಇನ್ನೂ ದೊಡ್ಡದು. ಶಾಲೆಯಲ್ಲಿ ಬಾಯಿ ಬಿಡದ ಹುಡುಗ, ಬ್ರೂನೋ ಜೊತೆ ಗಂಟೆಗಟ್ಟಲೆ ಮಾತಾಡುತ್ತಾನೆ. ನಾಯಿ ಮತ್ತು ಯಜಮಾನ ಒಬ್ಬರನ್ನೊಬ್ಬರು ದಿಟ್ಟಿಸಿದರೆ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ ಅಂತ 2015ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದ್ದಾರೆ, ತಾಯಿ ಮಗುವಿನ ನಡುವೆ ಕೆಲಸ ಮಾಡುವ ಅದೇ ಹಾರ್ಮೋನು. ಆ ಹುಡುಗನ ಮುಖ ನೋಡಿದರೆ ಪ್ರಯೋಗಾಲಯ ಬೇಕಿರಲಿಲ್ಲ ಬಿಡಿ.

ಹೆಂಡತಿಯನ್ನು ಒಬ್ಬರನ್ನೇ ಕೂರಿಸಿ ಕೇಳಿದೆ, ನಿಮಗೆ ಇದರಿಂದ ಖುಷಿ ಅಂತ ಏನಾದರೂ ಇದೆಯಾ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಟ್ಟೆ ಮಡಚುವಾಗ ಬಂದು ನನ್ನ ಪಾದದ ಮೇಲೆ ಗದ್ದ ಇಡತ್ತೆ" ಅಂದರು. "ಆದ್ರೆ ಈಗೀಗ ಅದು ಬಂದು ಕೂತ್ರೆ, ಇವತ್ತು ಏನು ಬಾಕಿ ಇದೆ ಅಂತ ಲೆಕ್ಕ ಶುರುವಾಗತ್ತೆ. ಖುಷಿ ಪಡೋಕೆ ಪುರುಸೊತ್ತಿಲ್ಲ."

ನನ್ನ ಪ್ರಕಾರ ಈ ಪ್ರಕರಣದ ಗಂಟು ಇರುವುದು ಇಲ್ಲಿ. ಆಕೆಗೆ ನಾಯಿ ಸಾಕಾಗಿರಲಿಲ್ಲ. ಒಂಟಿಯಾಗಿ ಸಾಕುವುದು ಸಾಕಾಗಿತ್ತು. ಕಾಯಿಲೆಯವರನ್ನು ನೋಡಿಕೊಳ್ಳುವವರ ದಣಿವು ಅಳೆಯಲು 1980ರಿಂದಲೇ ಒಂದು ಪ್ರಶ್ನಾವಳಿ ಇದೆ. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದವರು ಅದನ್ನು ಸಾಕುಪ್ರಾಣಿಗಳಿಗೆ ಹೊಂದಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೀರ್ಘ ಕಾಯಿಲೆಯ ಪ್ರಾಣಿ ಇರುವವರಲ್ಲಿ ಈ ಭಾರ, ಒತ್ತಡ, ಖಿನ್ನತೆಯ ಲಕ್ಷಣ ಎಲ್ಲವೂ ಜಾಸ್ತಿ ಕಂಡವು. ಬ್ರೂನೋಗೆ ಮೈಯಲ್ಲಿ ಕಾಯಿಲೆ ಇರಲಿಲ್ಲ. ಆದರೆ ಆ ಎರಡು ಪುಟ ಓದಿದ ಮೇಲೆ ಆ ದಣಿವೇ ಇದು ಅಂತ ನನಗೆ ಅನುಮಾನ ಉಳಿಯಲಿಲ್ಲ.

ಗಂಡ ಒಂದು ಮಾತು ಹೇಳಿದರು, ಇಂಥ ಮನೆಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: "ಹಿಂದೆಲ್ಲ ನಾಯಿ ಅದರ ಪಾಡಿಗೆ ಬೆಳೀತಿತ್ತು, ಇಷ್ಟೆಲ್ಲ ಎಲ್ಲಿತ್ತು?" ತುಂಬಾ ಹಿಂದಕ್ಕೇ ಹೋಗೋಣ. ಜರ್ಮನಿಯ ಬಾನ್-ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಒಂದು ಸಮಾಧಿ ಸಿಕ್ಕಿತು, ಸುಮಾರು 14,000 ವರ್ಷ ಹಳೆಯದು. ಇಬ್ಬರು ಮನುಷ್ಯರು, ಜೊತೆಗೆ ಏಳು ತಿಂಗಳ ಆಸುಪಾಸಿನ ಒಂದು ನಾಯಿ. ಆ ನಾಯಿಗೆ ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಬಂದಿತ್ತು ಅಂತ ಅದರ ಹಲ್ಲುಗಳ ಗುರುತು ನೋಡಿ 2018ರಲ್ಲಿ ಸಂಶೋಧಕರು ಬರೆದರು. ವಾಂತಿ, ಭೇದಿ, ಜ್ವರ. ಯಾರೋ ವಾರಗಟ್ಟಲೆ ಬೆಚ್ಚಗಿಟ್ಟು, ನೀರು ಕುಡಿಸಿ, ಒರೆಸಿರದಿದ್ದರೆ ಅದು ಅಷ್ಟು ದಿನ ಬದುಕುತ್ತಿರಲಿಲ್ಲ. ನಾಯಿ ಅದರ ಪಾಡಿಗೆ ಬೆಳೆದ ಕಾಲ ಅಂದರೆ, ಒರೆಸಿದವರು ನಮಗೆ ಕಾಣದ ಕಾಲ ಅಷ್ಟೇ.

ಒಪ್ಪಂದ

ಬೇರೆ ಮನೆಗೆ ಕೊಡುವುದು ಪಾಪ ಅಂತ ನಾನು ಎಂದೂ ಹೇಳಲ್ಲ. ದಣಿದ ಮನೆಯಲ್ಲಿ ಬಾಲ್ಕನಿಗೆ ಕಟ್ಟಿಹಾಕಿಸಿಕೊಂಡು ಬದುಕುವುದಕ್ಕಿಂತ ಒಳ್ಳೆಯ ಬೇರೆ ಮನೆ ಮೇಲು. "ಹೆತ್ತ ಮಗು ಆಗಿದ್ರೆ ಕೊಡ್ತಿದ್ರಾ?" ಅಂತ ಕೇಳುವವರು ಸಾಮಾನ್ಯವಾಗಿ ಒರೆಸುವ ಬಟ್ಟೆ ಎಲ್ಲಿದೆ ಅಂತ ಗೊತ್ತಿಲ್ಲದವರು. ಹಾಗಾಗಿ ಮೂರು ತಿಂಗಳ ಗಡುವು ಇಟ್ಟುಕೊಂಡೆವು. ಅದು ಮುಗಿದ ಮೇಲೆ ಕೊನೆಯ ಮಾತು ಹೆಂಡತಿಯದು, ಮತ ಎಣಿಸುವುದಿಲ್ಲ. ಗಂಡ ಇದಕ್ಕೆ ಒಪ್ಪಲು ಎರಡು ದಿನ ತೆಗೆದುಕೊಂಡರು. ಮಗ ಒಂದು ವಾರ ಮುಖ ಊದಿಸಿಕೊಂಡಿದ್ದ.

ಒಂಟಿತನದ ಹೆದರಿಕೆಗೆ ಚಿಕಿತ್ಸೆ ಹೇಳಲು ಸುಲಭ. ನಾಯಿಗೆ ಹೆದರಿಕೆ ಆಗುವ ಮುಂಚೆಯೇ ವಾಪಸ್ ಬರಬೇಕು, ಆ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಬೆಳೆಸಬೇಕು. ಕೀ ಕೈಗೆ ತೆಗೆದುಕೊಂಡು ಹೋಗದೆ ಕೂರುವುದು. ಚಪ್ಪಲಿ ಹಾಕಿ ಬಿಚ್ಚುವುದು. ಬಾಗಿಲಾಚೆ ಐದು ಸೆಕೆಂಡ್ ನಿಂತು ಬರುವುದು. ಹತ್ತು ಸೆಕೆಂಡ್, ಮತ್ತೆ ಮೂರು, ಮತ್ತೆ ಇಪ್ಪತ್ತು. ಇದು ನಡೆಯುವಷ್ಟು ಕಾಲ ನಾಯಿಯನ್ನು ನಿಜವಾಗಿ ಒಂಟಿ ಬಿಡಬಾರದು, ಬಿಟ್ಟರೆ ಕಲಿತದ್ದೆಲ್ಲ ನೀರು ಪಾಲು. ಗಂಡ ಕೆಲವು ದಿನ ಮನೆಯಿಂದಲೇ ಕೆಲಸ ಮಾಡಿದರು, ಉಳಿದ ದಿನ ಸಂಬಳ ಕೊಟ್ಟು ಒಬ್ಬರನ್ನು ಗೊತ್ತು ಮಾಡಿದರು. ಪಶುವೈದ್ಯರು ಫ್ಲೂಯಾಕ್ಸಟಿನ್ ಬರೆದುಕೊಟ್ಟರು. ಇಂಥ ಹೆದರಿಕೆಗೆ ನಾಯಿಗಳಿಗೆ ಕೊಡುವ ಔಷಧವೇ ಅದು, ಕೆಲಸ ಶುರುಮಾಡಲು ಕೆಲವು ವಾರ ಬೇಕು. "ನಾಯಿಗೆ ಹುಚ್ಚಿನ ಮಾತ್ರೆನಾ?" ಅಂದರು ಅಜ್ಜಿ ಫೋನಿನಲ್ಲಿ. ಮಂಕು ಕವಿಸುವ ಮಾತ್ರೆ ಅಲ್ಲ, ಕಲಿಯುವಷ್ಟು ಧೈರ್ಯ ಬರಲಿ ಅಂತ ಕೊಡುವುದು ಅಂತ ಮೊಮ್ಮಗನೇ ವಿವರಿಸಿದ.

ತರಬೇತಿ ಪೂರ್ತಿ ಗಂಡನ ಪಾಲು. ಮೆಟ್ಟಿಲ ಹತ್ತಿರ ವಾಚು ನೋಡುತ್ತಾ ನಿಂತವರನ್ನು ಕಂಡು, ಮನೆಯಿಂದ ಹೊರಗೆ ಹಾಕಿದ್ದಾರೇನೋ ಅಂತ ಅಕ್ಕಪಕ್ಕದವರು ಅಂದುಕೊಂಡಿದ್ದರಂತೆ.

ಕೆಲಸ ಹಂಚುವಾಗ ಒಂದು ನಿಯಮ ಇಟ್ಟೆವು: "ಸಹಾಯ" ಅನ್ನುವುದು ಇರಬಾರದು. ಕೆಲಸ ಯಾರದ್ದೋ ಅದರ ನೆನಪೂ ಅವರದ್ದೇ. ಊಟ ಮಗನದ್ದು ಅಂದರೆ ಅಳೆಯುವುದು, ತಟ್ಟೆ ತೊಳೆಯುವುದು, ಚೀಲ ಖಾಲಿಯಾಗುವ ಮುಂಚೆ ತರಿಸುವುದು, ಮನೆಯವರು ಆಚೀಚೆ ತುತ್ತು ಹಾಕದಂತೆ ಕಾಯುವುದು ಎಲ್ಲ ಸೇರಿ. ಕೊನೆಯದೇ ಕಷ್ಟ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹಸಿವಿಗೆ ಸಂಬಂಧಿಸಿದ ಪಿಒಎಂಸಿ ಅನ್ನುವ ಜೀನಿನಲ್ಲಿ ಒಂದು ತುಣುಕೇ ಇಲ್ಲ ಅಂತ 2016ರಲ್ಲಿ ಕೇಂಬ್ರಿಡ್ಜ್‌ನವರು ಕಂಡುಹಿಡಿದಿದ್ದಾರೆ. ಅಂಥವಕ್ಕೆ ಎಷ್ಟು ತಿಂದರೂ ಇನ್ನೂ ಬೇಕು. ಬ್ರೂನೋದು ಆ ಜಾತಿಯೋ ಏನೋ, ಪರೀಕ್ಷೆ ಮಾಡಿಸಿಲ್ಲ. ನೋಡುವ ನೋಟವಂತೂ ಅದೇ.

ಹೆಂಡತಿಯ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಕಷ್ಟದ ಕೆಲಸ, ನೆನಪಿಸದೇ ಇರುವುದು. ಊಟದ ಚೀಲ ತಳ ಕಂಡಿದ್ದು ಒಂದು ಬೆಳಿಗ್ಗೆಯೇ ಅವರ ಕಣ್ಣಿಗೆ ಬಿತ್ತು. ತುಟಿ ಬಿಚ್ಚಲಿಲ್ಲ. ರಾತ್ರಿ ಅಪ್ಪ ಮಗ ತೆರೆದಿರುವ ಅಂಗಡಿ ಹುಡುಕಿಕೊಂಡು ಅಲೆದರು. ಆಮೇಲೆ ಚೀಲ ಖಾಲಿಯಾಗಲಿಲ್ಲ.

ಆಸ್ಪತ್ರೆ ಗಂಡನ ಪಾಲು. ಬ್ರೂನೋ ತಲೆ ಕೊಡವತೊಡಗಿತ್ತು. ಜೋತುಬಿದ್ದ ಕಿವಿಯ ನಾಯಿಗಳಿಗೆ ಕಿವಿಯ ಸೋಂಕು ಸಾಮಾನ್ಯ. ಪಶುವೈದ್ಯರು ಕೇಳಿದರು, ಯಾವ ಕಿವಿ, ಎಷ್ಟು ದಿನದಿಂದ, ವಾಸನೆ ಇದೆಯಾ, ಹಿಂದೆ ಯಾವ ಡ್ರಾಪ್ಸ್ ಹಾಕಿದ್ದಿರಿ? ಗಂಡ ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದರು. ಅವರು ಅಂದದ್ದು, "ಬಗ್ಗಿ ನೋಡ್ರೀ, ಮೂಸಿ ನೋಡಿ. ನಾನೂ ಹಾಗೇ ತಿಳ್ಕೊಂಡಿದ್ದು." ಎಡಗಿವಿ. ವಾಸನೆ ಇತ್ತು. ಈಗ ಆ ಮನೆಯಲ್ಲಿ ಬ್ರೂನೋನ ಕಿವಿ ಬಗ್ಗೆ ಗಂಡನಷ್ಟು ತಿಳಿದವರು ಯಾರೂ ಇಲ್ಲ, ಬೇಡ ಅಂದರೂ ವಿವರಿಸುತ್ತಾರೆ.

ಈಗ

ಮೂರು ತಿಂಗಳ ಕೊನೆಗೆ ಬ್ರೂನೋ ಒಂಟಿಯಾಗಿ ಮುಕ್ಕಾಲು ಗಂಟೆ ಮಲಗಿರುತ್ತಿತ್ತು. ಇದು ಕಡಿಮೆ ಅಂತ ನಿಮಗೆ ಅನಿಸಬಹುದು, ನನಗೆ ಅನಿಸಲಿಲ್ಲ. ತರಬೇತಿಯ ಎಂಟನೇ ತಿಂಗಳಿಗೆ ಎರಡೂವರೆ ಮೂರು ಗಂಟೆ. ಅಲ್ಲಿಗೇ ನಿಂತಿದೆ. ಇಡೀ ದಿನ ಬಿಟ್ಟುಹೋಗುವ ನಾಯಿ ಅದು ಆಗಲಿಕ್ಕಿಲ್ಲ ಅಂತ ಅವರಿಗೆ ನೇರವಾಗಿ ಹೇಳಿದ್ದೇನೆ. ಮಧ್ಯಾಹ್ನ ಬಂದುಹೋಗುವವರ ಸಂಬಳ ಆ ಮನೆಯ ಕಾಯಂ ಖರ್ಚು.

ಎಲ್ಲವೂ ಸರಿಹೋಗಿಲ್ಲ. ಅಜ್ಜಿ ವಾಪಸ್ ಬಂದ ಮೇಲೆ ಮೇಜಿನ ಕೆಳಗೆ ತುತ್ತು ಮತ್ತೆ ಶುರುವಾಗಿ, ಬ್ರೂನೋ ತೂಕ ಏರಿತು. ಅಜ್ಜಿಯನ್ನು ತಡೆಯುವುದು ಮಗನ ಕೆಲಸ ಅಂತ ಪಟ್ಟಿಯಲ್ಲಿದೆ, ಆದರೆ ಅಜ್ಜಿಯನ್ನು ತಡೆದ ಮೊಮ್ಮಗನನ್ನು ನಾನು ಇನ್ನೂ ನೋಡಿಲ್ಲ. ಗಂಡ ಎರಡು ಸಲ ಮಾತ್ರೆ ಮರೆತಿದ್ದಾರೆ. ರಾತ್ರಿ ಸದ್ದಾದರೆ ಈಗಲೂ ಮೊದಲು ಎಚ್ಚರವಾಗುವುದು ಹೆಂಡತಿಗೇ. ವ್ಯತ್ಯಾಸ ಇಷ್ಟು, ಈಗ ಗಂಡನನ್ನು ಎಬ್ಬಿಸಿ ತಾವು ಮತ್ತೆ ಮಲಗುತ್ತಾರೆ.

ಗಡುವಿನ ದಿನ ಅವರು ಹೇಳಿದ್ದು "ಸದ್ಯಕ್ಕೆ ಇರಲಿ" ಅಂತ. ಉಳಿದವರಿಗೆ ಅಷ್ಟು ಸಾಕಾಗಿತ್ತು. ಅವರು ಮಾತ್ರ ಅಲ್ಲಿಗೆ ಬಿಡಲಿಲ್ಲ. ಲ್ಯಾಬ್ರಡಾರ್ ಸಾಮಾನ್ಯವಾಗಿ 10ರಿಂದ 13 ವರ್ಷ ಬದುಕುತ್ತದೆ. ನಾಯಿಗೆ ಐದು ವರ್ಷ ಆಗುವ ಹೊತ್ತಿಗೆ ಮಗ ಓದಲು ಬೇರೆ ಊರಿಗೆ ಹೋಗಿರುತ್ತಾನೆ, ಆಗ ಊಟದ ಪಾಲು ಯಾರಿಗೆ? ವಯಸ್ಸಾಗಿ ಕೀಲುನೋವು ಬಂದರೆ 30 ಕೆಜಿ ನಾಯಿಯನ್ನು ಎತ್ತಿ ಇಳಿಸುವವರು ಯಾರು? ಊಟ ಅಪ್ಪನಿಗೆ ಅಂತ ಅಲ್ಲೇ ಬರೆದುಕೊಂಡರು. ಎತ್ತುವ ವಿಷಯಕ್ಕೆ ಗಂಡ ತಮ್ಮ ಸೊಂಟನೋವಿನ ಮಾತು ತೆಗೆದಿದ್ದಾರೆ. ನೆಲಮಹಡಿಯ ಮನೆಗೆ ಹೋಗೋಣ ಅಂತ ಹೆಂಡತಿ ಹೇಳುತ್ತಿದ್ದಾರೆ. ಮಗನ ಪರೀಕ್ಷೆ ಮುಗಿದ ಮೇಲೆ ಮನೆ ಹುಡುಕುತ್ತಾರಂತೆ.